ಶಿರಸಿಯಲ್ಲಿ ಮೆಂಟರ್ ಇರೋ ಐಟಿ ಇಂಟರ್ನ್‌ಶಿಪ್: ಹೋಗ್ಬಹುದಾ ಅಂತ ಕೇಳೋರಿಗೆ ನನ್ನ ರಿವ್ಯೂ

ನೇರ ವಿಷಯಕ್ಕೆ ಬರ್ತೀನಿ. ಶಿರಸಿಲಿ ಸಹಕಾರಿ ಸಂಘಗಳಿಗೆ, ಹಾಲಿನ ಡೈರಿಗಳಿಗೆ ಸಾಫ್ಟ್‌ವೇರ್ ಮಾಡ್ಕೊಡೋ ಒಂದು ಸಣ್ಣ ಕಂಪನಿ ಇದೆ, ಅವ್ರು ಒಂದು ಬ್ಯಾಚಿಗೆ ನಾಲ್ಕೇ ಜನ ಫ್ರೆಶರ್ಸನ್ನ ತಗೊಂಡು ಆರು ತಿಂಗಳು ಮೆಂಟರ್ ಜೊತೆ ಕೂರಿಸಿ ಕೆಲಸ ಕಲಿಸ್ತಾರೆ. ನಾನು ಅಲ್ಲಿ ಒಂದು ಮಳೆಗಾಲ ಪೂರ್ತಿ ಕಳೆದು ಬಂದಿದೀನಿ, ಈಗ ಬೇರೆ ಕಡೆ ಕೆಲಸಕ್ಕೆ ಸೇರಿದೀನಿ, ಜೂನಿಯರ್ಸ್ ಎಲ್ಲ "ಹೆಂಗಿದೆ, ಹೋಗ್ಬಹುದಾ" ಅಂತ ಕೇಳ್ತಾನೇ ಇರ್ತಾರೆ, ಹಾಗಾಗಿ ಒಂದೇ ಸಲ ಬರೆದಿಡೋಣ ಅನ್ನಿಸ್ತು. ಹೋಗ್ಬಹುದು. ಆದ್ರೆ ಎಂತಕ್ಕೆ ಹೋಗ್ಬೇಕು, ಅಲ್ಲಿ ಏನು ಸಿಗತ್ತೆ, ಏನು ಸಿಗಲ್ಲ ಅಂತ ಗೊತ್ತಿಟ್ಟುಕೊಂಡು ಹೋಗಿ. ಕಂಪನಿ ಹೆಸರು ಹಾಕ್ತಿಲ್ಲ, ಸಣ್ಣ ಆಫೀಸು, ಅರ್ಜಿ ಓದೋರೂ ಅಲ್ಲಿ ಕೋಡ್ ಬರೆಯೋರೇ, ಶಿರಸಿ ಕಡೆಯವ್ರು ನಾಲ್ಕು ಜನರ ಹತ್ರ ವಿಚಾರಿಸಿದ್ರೆ ಗೊತ್ತಾಗತ್ತೆ.

ನಮ್ಮ ಉತ್ತರ ಕನ್ನಡ ಜಿಲ್ಲೆ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಕೈಗಾ ಅಣು ವಿದ್ಯುತ್ ಸ್ಥಾವರ ಇದೆ, ಸೀಬರ್ಡ್ ನೌಕಾನೆಲೆ ಇದೆ, ದಾಂಡೇಲಿ ಪೇಪರ್ ಮಿಲ್ ಇದೆ, ಐಟಿ ಅಂದ್ರೆ ಮಾತ್ರ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗ್ಬೇಕು. ಐಟಿಯನ್ನ ಬೆಂಗಳೂರಿನ ಆಚೆಗೂ ಬೆಳೆಸೋ ಸರ್ಕಾರದ ಬಿಯಾಂಡ್ ಬೆಂಗಳೂರು ಅನ್ನೋದ್ರಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಅಂತ ಹೆಸರು ಬರತ್ತೆ, ಉತ್ತರ ಕನ್ನಡ ಇವುಗಳ ಮಧ್ಯೆ ಕೂತಿದೆ, ಎರಡೂ ಕಡೆಗೂ ಘಟ್ಟ ಇಳಿದೋ ಕಾಡು ದಾಟಿಯೋ ಹೋಗ್ಬೇಕು. ಹಾಗಾಗಿ ಕಾರವಾರ, ಕುಮಟಾ, ಭಟ್ಕಳ ಕಡೆ ಓದೋ ಹುಡುಗ ಹುಡುಗಿಯರಿಗೆ ಇಂಟರ್ನ್‌ಶಿಪ್ ಅಂದ್ರೆ ಹೆಚ್ಚಾಗಿ ಆನ್‌ಲೈನ್.

ಆ ಆನ್‌ಲೈನ್ ಇಂಟರ್ನ್‌ಶಿಪ್ಪುಗಳ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ಹೋಲಿಕೆ ಮಾಡದೆ ಈ ಜಾಗದ ಬೆಲೆ ಗೊತ್ತಾಗಲ್ಲ. ಇಂಜಿನಿಯರಿಂಗ್ ಮುಗಿಸೋಕೆ ಇಂಟರ್ನ್‌ಶಿಪ್ ಮಾಡ್ಲೇಬೇಕು ಅಂತ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮ ಇರೋದ್ರಿಂದ ಅದನ್ನೇ ವ್ಯಾಪಾರ ಮಾಡ್ಕೊಂಡಿರೋರು ಬಹಳ ಜನ ಇದಾರೆ. ನಾನು ಓದ್ತಿರಬೇಕಾದ್ರೆ ಒಂದು ಕಡೆ ದುಡ್ಡು ಕಟ್ಟಿ ಸೇರಿದ್ದೆ, ರೆಕಾರ್ಡ್ ಮಾಡಿದ ವಿಡಿಯೋ ಕೊಟ್ರು, ವಾಟ್ಸಾಪ್ ಗ್ರೂಪಲ್ಲಿ ಪ್ರಶ್ನೆ ಕೇಳಿದ್ರೆ "ವಿಡಿಯೋ ನೋಡಿ" ಅಂತ ಉತ್ತರ, ಕೊನೆಗೆ ಎಲ್ಲರೂ ಅದೇ ಒಂದು ಪ್ರಾಜೆಕ್ಟ್ ಅಪ್‌ಲೋಡ್ ಮಾಡಿದ್ವಿ, ಎಲ್ಲರಿಗೂ ಸರ್ಟಿಫಿಕೇಟ್ ಬಂತು. ನಾನು ಬರೆದ ಕೋಡನ್ನ ಒಬ್ಬ ಮನುಷ್ಯ ತೆರೆದು ಓದಿದ್ದು ಒಂದು ಸಲವೂ ಆಗ್ಲಿಲ್ಲ. ಇದನ್ನ ನೆನಪಿಟ್ಟುಕೊಂಡು ಮುಂದೆ ಓದಿ.

ಇಲ್ಲಿ ಮೊದಲ ಎರಡು ವಾರ ಹೊಸ ಕೋಡ್ ಬರೆಯೋಕೇ ಬಿಡಲ್ಲ. ಇರೋ ಕೋಡ್ ಓದ್ಬೇಕು. ಒಂದು ಡೈರಿಲಿ ಬೆಳಿಗ್ಗೆ ರೈತ ಹಾಲು ತಂದು ಹಾಕಿದಾಗಿಂದ ಹಿಡಿದು ಅವನ ಖಾತೆಗೆ ದುಡ್ಡು ಹೋಗೋ ತನಕ ಡೇಟಾ ಯಾವ ಯಾವ ಫಂಕ್ಷನ್ ದಾಟಿ ಹೋಗತ್ತೆ ಅಂತ ಕಾಗದದ ಮೇಲೆ ಬರೆದು ಮೆಂಟರಿಗೆ ಬಾಯಲ್ಲಿ ಹೇಳ್ಬೇಕು, ಫ್ಯಾಟ್ ಎಲ್ಲಿ ಬರತ್ತೆ, ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಎಲ್ಲಿ ಬರತ್ತೆ, ದರ ಯಾವ ಟೇಬಲ್ಲಿಂದ ತಗೊಳ್ತು, ರೌಂಡ್ ಎಲ್ಲಿ ಮಾಡಿದ್ರು, ಎಲ್ಲ. ನಮ್ಮ ಬ್ಯಾಚಲ್ಲಿ ಒಬ್ಬಂಗೆ ಇದು ಬೇಜಾರು, ಯಾವಾಗ ಕೋಡಿಂಗ್ ಶುರು ಅಂತ ದಿನಾ ಕೇಳ್ತಿದ್ದ. ಆದ್ರೆ ಕೆಲಸಕ್ಕೆ ಸೇರಿದ ಮೇಲೆ ನನಗೆ ಗೊತ್ತಾಗಿರೋದೇನಂದ್ರೆ ಕಂಪನಿಗಳಲ್ಲಿ ದಿನದ ಮುಕ್ಕಾಲು ಪಾಲು ಬೇರೆಯವ್ರು ಬರೆದ ಕೋಡ್ ಓದೋದೇ ಆಗತ್ತೆ, ಕಾಲೇಜಲ್ಲಿ ಅದನ್ನ ಯಾರೂ ಕಲಿಸಿರಲ್ಲ, ಖಾಲಿ ಫೈಲ್ ತೆರೆದು ಮೊದಲಿಂದ ಬರೆಯೋದೊಂದೇ ನಮಗೆ ಅಭ್ಯಾಸ.

ಆಮೇಲೆ ಟಿಕೆಟ್ ಕೊಡ್ತಾರೆ. ಸಣ್ಣ ಸಣ್ಣವು, ಆದ್ರೆ ನಿಜವಾದವು, ಯಾವುದೋ ಸೊಸೈಟಿಯ ಸೆಕ್ರೆಟರಿ ಫೋನ್ ಮಾಡಿ ಹೇಳಿದ ತೊಂದರೆಗಳು. ಗಿಟ್‌ನಲ್ಲಿ ನಿಮ್ಮದೊಂದು ಬ್ರಾಂಚ್, ಅಂದ್ರೆ ಕೋಡಿನ ಬೇರೆ ಪ್ರತಿ ಮಾಡ್ಕೊಂಡು, ಸರಿ ಮಾಡಿ, ಇದನ್ನ ನೋಡಿ ಸೇರಿಸ್ಕೊಳ್ಳಿ ಅಂತ ಪುಲ್ ರಿಕ್ವೆಸ್ಟ್ ಹಾಕ್ಬೇಕು. ಮೆಂಟರ್ ಅದನ್ನ ಸಾಲು ಸಾಲಾಗಿ ಓದ್ತಾರೆ. ನಮ್ಮ ಮೆಂಟರ್ ಬೆಂಗಳೂರಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಕೋವಿಡ್ ಟೈಮಲ್ಲಿ ಊರಿಗೆ ಬಂದು ಇಲ್ಲೇ ಉಳಿದವ್ರು, ಅವರ ಕಾಮೆಂಟು ಬಹುತೇಕ ಪ್ರಶ್ನೆ ರೂಪದಲ್ಲೇ ಇರ್ತಿತ್ತು. "ಈ ಲೂಪ್ ಪ್ರತಿ ಸದಸ್ಯನಿಗೂ ಒಂದೊಂದು ಸಲ ಡೇಟಾಬೇಸಿಗೆ ಹೋಗ್ತಿದೆ, 800 ಸದಸ್ಯರಿದ್ರೆ ಎಷ್ಟು ಕ್ವೆರಿ ಆಗತ್ತೆ ಲೆಕ್ಕ ಹಾಕಿ." ಕ್ವೆರಿ ಅಂದ್ರೆ ಡೇಟಾಬೇಸಿಗೆ ಒಂದು ಸಲ ಕೇಳೋದು. ಲೆಕ್ಕ ಹಾಕಿದ್ರೆ 801, ಪಟ್ಟಿ ತರೋಕೆ ಒಂದು, ಆಮೇಲೆ ಸದಸ್ಯನಿಗೊಂದು. ಎರಡು ಟೇಬಲ್ ಜೋಡಿಸೋ ಜಾಯಿನ್ ಹಾಕಿದ್ರೆ ಒಂದೇ ಕ್ವೆರಿಲಿ ಮುಗಿಯತ್ತೆ. ಇದನ್ನ ಅವ್ರೇ ಬಂದು ಸರಿ ಮಾಡಿದ್ರೆ ಎರಡು ನಿಮಿಷದ ಕೆಲಸ, ಆದ್ರೆ ಮಾಡಲ್ಲ, ನೀವೇ ಲೆಕ್ಕ ಹಾಕಿ ನೀವೇ ಬದಲಾಯಿಸಿ ನೀವೇ ಮತ್ತೆ ಕಳಿಸೋ ತನಕ ಕಾಯ್ತಾರೆ. ಯಕ್ಷಗಾನದ ಹೆಜ್ಜೆ ಕಲಿಸೋ ಗುರುಗಳು ತಾಳ ಒಂದು ಕಡೆ ತಪ್ಪಿದ್ರೂ ಅಲ್ಲೇ ನಿಲ್ಲಿಸಿ ಮತ್ತೆ ಮೊದಲಿಂದ ಕುಣಿಸ್ತಾರಲ್ಲ, ಹಾಗೇ.

ಒಂದು ಬಗ್ ಬಗ್ಗೆ ವಿವರವಾಗಿ ಹೇಳ್ತೀನಿ, ಅಲ್ಲಿ ಕಲಿಸೋ ರೀತಿ ಹೆಂಗೆ ಅಂತ ಇದ್ರಲ್ಲೇ ಗೊತ್ತಾಗತ್ತೆ. ಒಂದು ಡೈರಿಯಿಂದ ಕಂಪ್ಲೇಂಟ್ ಬಂತು, ಕೆಲವು ರೈತರ ತಿಂಗಳ ಬಿಲ್ಲಲ್ಲಿ ಒಂದು ಹೊತ್ತಿನ ಹಾಲು ಹೆಚ್ಚು ಬರತ್ತೆ, ಇಲ್ಲಾ ಕಮ್ಮಿ ಬರತ್ತೆ, ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ. ಟಿಕೆಟ್ ನನಗೆ ಬಂತು. ಲೆಕ್ಕದ ಕೋಡ್ ಪೂರ್ತಿ ನೋಡಿದೆ, ಅದು ಸರಿಯಾಗೇ ಇತ್ತು. ಮೆಂಟರ್ ಹತ್ರ ಹೋಗಿ ಇಷ್ಟು ನೋಡಿದೀನಿ, ಇಲ್ಲಿವರೆಗೆ ತೊಂದರೆ ಇಲ್ಲ ಅಂದೆ. ಅವ್ರು ಕೋಡ್ ತೆರೀಲೇ ಇಲ್ಲ. "ತಪ್ಪಾಗಿರೋ ಎಂಟ್ರಿಗಳನ್ನ ಮಾತ್ರ ಬೇರೆ ತೆಗೆದು ಹರವಿ ನೋಡಿ, ಅವಕ್ಕೆಲ್ಲ ಏನು ಸಮಾನ ಇದೆ ಹುಡುಕಿ" ಅಂದ್ರು, ಅಷ್ಟೇ. ಸದಸ್ಯರ ನಂಬರ್ ಪ್ರಕಾರ ಸಾರ್ಟ್ ಮಾಡಿದೆ, ಏನೂ ಕಾಣ್ಲಿಲ್ಲ. ಲೀಟರ್ ಪ್ರಕಾರ ಮಾಡಿದೆ, ಇಲ್ಲ. ಹೊತ್ತಿನ ಪ್ರಕಾರ ಸಾರ್ಟ್ ಮಾಡಿದಾಗ ಎದ್ದು ಕಾಣ್ತು, ತಪ್ಪಾಗಿರೋದೆಲ್ಲ ಬೆಳಗಿನ ಜಾವ 5:30ಕ್ಕಿಂತ ಮುಂಚೆ ಹಾಕಿದ ಹಾಲು!

ಐದೂವರೆ ಅನ್ನೋ ನಂಬರ್ ನೋಡಿದ ಕೂಡ್ಲೇ ಹೊಳೀತು. ಇಡೀ ಜಗತ್ತಿಗೆ ಒಂದೇ ಅಂತ ಇಟ್ಕೊಂಡಿರೋ ಸಮಯ ಯುಟಿಸಿ, ನಮ್ಮ ದೇಶದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಡೇಟಾಬೇಸಲ್ಲಿ ಸಮಯ ಯುಟಿಸಿಲಿ ಸೇವ್ ಆಗ್ತಿತ್ತು, ಅದು ಸರಿಯಾದ ಪದ್ಧತಿನೇ, ಆದ್ರೆ ರಿಪೋರ್ಟ್ ಮಾಡೋವಾಗ ಅದನ್ನ ನಮ್ಮ ಸಮಯಕ್ಕೆ ತಿರುಗಿಸದೆ ಹಾಗೇ ತಾರೀಖು ತೆಗೆದಿದ್ರು. ಬೆಳಿಗ್ಗೆ 5:15ಕ್ಕೆ ಹಾಕಿದ ಹಾಲು ಯುಟಿಸಿ ಲೆಕ್ಕದಲ್ಲಿ ಹಿಂದಿನ ದಿನ ರಾತ್ರಿ 11:45. ತಿಂಗಳ ಮಧ್ಯೆ ಹೀಗಾದ್ರೆ ಒಟ್ಟು ಮೊತ್ತದಲ್ಲಿ ಗೊತ್ತಾಗಲ್ಲ, ಒಂದನೇ ತಾರೀಖಿನ ಹಾಲು ಮಾತ್ರ ಹಿಂದಿನ ತಿಂಗಳ ಬಿಲ್ಲಿಗೆ ಹೋಗ್ಬಿಡತ್ತೆ. ದೂರದ ಕೇರಿಯಿಂದ ಬೇಗ ಎದ್ದು ಬರೋರಿಗೇ ಯಾವಾಗ್ಲೂ ಈ ತೊಂದರೆ. ಸರಿ ಮಾಡಿದ್ದು ಒಂದೇ ಸಾಲು, ತಾರೀಖು ತೆಗೆಯೋ ಮುಂಚೆ ಟೈಮ್‌ಝೋನನ್ನ ಏಷ್ಯಾ/ಕೋಲ್ಕತಾ ಅಂತ ಹಾಕಿದ್ದು. ಅದಾದ್ಮೇಲೆ ಮೆಂಟರ್ ಇನ್ನೂ ಎರಡು ಕೆಲಸ ಮಾಡ್ಸಿದ್ರು. 5:29 ಮತ್ತು 5:31ಕ್ಕೆ ಹಾಲು ಹಾಕಿದ ಹಾಗೆ ಎರಡು ಟೆಸ್ಟ್ ಬರೆಸಿದ್ರು, ನಾಳೆ ಯಾರೋ ಬಂದು ಆ ಸಾಲು ಅಳಿಸಿದ್ರೆ ಟೆಸ್ಟ್ ಕೂಗ್ಕೊಳ್ಳತ್ತೆ. ಮತ್ತೆ ಆ ಡೈರಿ ಸೆಕ್ರೆಟರಿಗೆ ಕನ್ನಡದಲ್ಲಿ ಏನಾಗಿತ್ತು, ಯಾರ ಬಿಲ್ಲು ಎಷ್ಟು ಬದಲಾಗತ್ತೆ ಅಂತ ಪತ್ರ ಬರೆಸಿದ್ರು, ಯುಟಿಸಿ, ಸರ್ವರ್ ಅನ್ನೋ ಪದ ಇಲ್ಲದೆ. ಆ ಪತ್ರ ಬರೆಯೋದು ಕೋಡಿಗಿಂತ ಕಷ್ಟ ಆಯ್ತು, ನಾಲ್ಕು ಸಲ ವಾಪಸ್ ಬಂತು.

ಇಲ್ಲಿ ಕೆಲಸ ಎಲ್ಲ ಕನ್ನಡ ಡೇಟಾ ಜೊತೆ, ಇದು ಬೇರೆ ಕಡೆ ಸುಲಭಕ್ಕೆ ಸಿಗದ ಅನುಭವ. ಹಳೇ ಸೊಸೈಟಿಗಳ ಸದಸ್ಯರ ಪಟ್ಟಿ ಬರೋದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಎಕ್ಸೆಲ್ ಶೀಟಲ್ಲಿ. ಅದರ ಫಾಂಟ್ ತೆಗೆದ್ರೆ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಗಜಿಬಿಜಿ, ಅದನ್ನ ಯೂನಿಕೋಡಿಗೆ, ಅಂದ್ರೆ ಎಲ್ಲ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಸಂಕೇತಕ್ಕೆ ತಿರುಗಿಸ್ಬೇಕು. ಒಂದೊಂದು ಅಕ್ಷರಕ್ಕೆ ಒಂದೊಂದು ಅಂತ ಬದಲಾಯಿಸ್ತಾ ಹೋದ್ರೆ ಆಗತ್ತೆ ಅಂದ್ಕೊಂಡ್ರೆ ಆಗಲ್ಲ. ಹೊನ್ನಾವರದ ಹತ್ರ ಕರ್ಕಿ ಅಂತ ಊರಿದೆಯಲ್ಲ, ಆ ಹೆಸರನ್ನೇ ತಗೊಳ್ಳಿ. ನುಡಿಯ ಹಳೇ ಫಾಂಟಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣೋ ಕ್ರಮದಲ್ಲೇ, ಅಂದ್ರೆ 'ಕಿ' ಆದ್ಮೇಲೆ ಕೂತಿರತ್ತೆ. ಯೂನಿಕೋಡಲ್ಲಿ ಉಚ್ಚಾರದ ಕ್ರಮ, ಮೊದಲು ಕ, ಆಮೇಲೆ ರ, ಹಲಂತ ಚಿಹ್ನೆ (್), ಆಮೇಲೆ ಕಿ. ಹಾಗಾಗಿ ಅರ್ಕಾವತ್ತು ಸಿಕ್ಕ ಕೂಡ್ಲೇ ಹಿಂದಿನ ಪೂರ್ತಿ ಅಕ್ಷರ ಎಲ್ಲಿಂದ ಶುರುವಾಗತ್ತೆ ಅಂತ ಹುಡುಕಿ ಅದರ ಮುಂದೆ ತಂದು ಕೂರಿಸ್ಬೇಕು, ಆ ಅಕ್ಷರಕ್ಕೆ ಒತ್ತೂ ಇದ್ರೆ ಇನ್ನೂ ಹಿಂದೆ ಹೋಗ್ಬೇಕು. ಇದನ್ನ ಬರೆದು, ಊರಿನ ಹೆಸರು, ಸದಸ್ಯರ ಹೆಸರು ಎಲ್ಲ ಹಾಕಿ ಟೆಸ್ಟ್ ಮಾಡಿ ಮುಗಿಸೋ ಹೊತ್ತಿಗೆ ಕಾಲೇಜಿನ ಡೇಟಾ ಸ್ಟ್ರಕ್ಚರ್ ಸಬ್ಜೆಕ್ಟು ಎಂತಕ್ಕೆ ಓದಿದ್ದು ಅಂತ ಅರ್ಥ ಆಯ್ತು.

ಎಸ್‌ಎಮ್‌ಎಸ್ ಕಥೆನೂ ಇದೆ. ಹಾಲಿನ ಬಿಲ್ಲು ರೈತರ ಮೊಬೈಲಿಗೆ ಕನ್ನಡದಲ್ಲೇ ಹೋಗ್ಬೇಕು ಅಂತ ಸಂಘದವ್ರ ಆಸೆ, ಸರಿಯಾದ ಆಸೆನೇ. ಇಂಗ್ಲಿಷಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಸಿಗತ್ತೆ, ಕನ್ನಡದಲ್ಲಿ 70 ಮಾತ್ರ, ಮೀರಿದ್ರೆ ಎರಡು ಮೆಸೇಜಿನ ದುಡ್ಡು. ಆ 70 ಅನ್ನೋದು ನಾವು ಎಣಿಸೋ ಅಕ್ಷರ ಅಲ್ಲ. 'ಶಿರಸಿ' ನಮ್ಮ ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ ಐದು, ಯಾಕಂದ್ರೆ ಗುಡಿಸು ಬೇರೆ ಎಣಿಕೆ. 'ಸ್ತ್ರೀ' ಒಂದೇ ಅಕ್ಷರ ಆದ್ರೂ ಒಳಗೆ ಆರು. ಒತ್ತಕ್ಷರ ಜಾಸ್ತಿ ಇರೋ ಪದ ತೆಗೆದು ಸರಳ ಪದ ಹಾಕಿ, ರೈತನಿಗೆ ಬೇಕಾದ ಮಾಹಿತಿ ಒಂದೂ ಬಿಡದೆ 70ರೊಳಗೆ ಕೂರಿಸೋ ಕೆಲಸ ನಮ್ಮ ಬ್ಯಾಚಿನ ಹುಡುಗಿ ಒಬ್ಬಳು ಮಾಡಿದ್ಲು, ಅವಳು ಬಿ.ಕಾಂ ಓದಿದವಳು, ಇಂಜಿನಿಯರಿಂಗ್ ಅಲ್ಲ. ಆಮೇಲೆ ಆ ಡೈರಿಗೆ ಹೋದಾಗ ವಯಸ್ಸಾದವ್ರೊಬ್ರು ಮೊಬೈಲ್ ತೆಗೆದು ತಮ್ಮ ಬಿಲ್ಲನ್ನ ತಾವೇ ಓದಿ ಹೇಳ್ತಿದ್ರು. ಅವಳಿಗೆ ಎಷ್ಟು ಖುಷಿ ಆಯ್ತು ಅಂದ್ರೆ ವಾಪಸ್ ಬರೋವಾಗ ದಾರಿ ಪೂರ್ತಿ ಅದೇ ಮಾತು.

ಫೀಲ್ಡಿಗೆ ಕರ್ಕೊಂಡು ಹೋಗೋದು ಈ ಇಂಟರ್ನ್‌ಶಿಪ್ಪಿನ ದೊಡ್ಡ ಪ್ಲಸ್. ಶಿರಸಿ ಅಂದ್ರೆ ಸಹಕಾರಿ ಸಂಘಗಳ ಊರು, ಟಿಎಸ್‌ಎಸ್ (ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ) ಶುರುವಾಗಿದ್ದೇ 1923ರಲ್ಲಿ, ಇಲ್ಲಿನ ರೈತರಿಗೆ ಲೆಕ್ಕ ಪತ್ರದ ಅಭ್ಯಾಸ ಹಳೇದು, ಬಿಲ್ಲಿನ ಪ್ರತಿ ಸಾಲನ್ನ ಕೈಯಲ್ಲಿ ಗುಣಿಸಿ ನೋಡೋರಿದಾರೆ. ಅಡಿಕೆ ಕಡೆಯ ಸಾಫ್ಟ್‌ವೇರ್ ಮಾಡೋವಾಗ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಅಂತ ಡ್ರಾಪ್‌ಡೌನ್ ಹಾಕಿದ್ರೆ ಮುಗೀತು ಅಂದ್ಕೊಳ್ತೀವಿ. ವ್ಯಾಪಾರದ ಹೊತ್ತಲ್ಲಿ ಗುಮಾಸ್ತರ ಪಕ್ಕ ನಿಂತು ನೋಡಿದ್ರೆ ಅವ್ರು ಮೌಸ್ ಮುಟ್ಟೋದೇ ಇಲ್ಲ, ಒಂದು ಕೈಯಲ್ಲಿ ಚೀಟಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ನಂಬರ್ ಕೀ ಒತ್ತುತ್ತಾ ಹೋಗ್ತಾರೆ. ಅದನ್ನ ನೋಡಿದ್ಮೇಲೆ ಡ್ರಾಪ್‌ಡೌನ್ ತೆಗೆದು ಪ್ರತಿ ದರ್ಜೆಗೆ ಒಂದೊಂದು ಅಂಕಿ ಕೊಟ್ವಿ. ಆಫೀಸಲ್ಲಿ ಕೂತಿದ್ರೆ ಇದು ಯಾರಿಗೂ ಹೊಳೀತಿರಲಿಲ್ಲ. ದುಡ್ಡಿನ ಲೆಕ್ಕವನ್ನ ಪೈಸೆಲಿ, ಪೂರ್ಣಾಂಕದಲ್ಲೇ ಇಡ್ಬೇಕು ಅನ್ನೋದೂ ಇಲ್ಲೇ ಮನಸ್ಸಿಗೆ ಇಳಿದಿದ್ದು. ದಶಮಾಂಶ ಸಂಖ್ಯೆ ಇಡೋ ಫ್ಲೋಟ್ ಬಳಸಿದ್ರೆ 0.1 + 0.2 ಅಂದ್ರೆ 0.30000000000000004 ಬರತ್ತೆ, ಯಾಕಂದ್ರೆ ಹತ್ತನೇ ಒಂದು ಭಾಗವನ್ನ ಬೈನರಿಲಿ ಪೂರ್ತಿ ಬರೆಯೋಕಾಗಲ್ಲ. ಪುಸ್ತಕದಲ್ಲಿ ಓದಿದ್ದೆವು. ಕ್ವಿಂಟಾಲ್, ಕೆಜಿ, ಗ್ರಾಂ ಎಲ್ಲ ದರಕ್ಕೆ ಗುಣಿಸಿ ಕೂಡಿದಾಗ ಬರೋ ಒಂದು ಪೈಸೆ ವ್ಯತ್ಯಾಸಕ್ಕೆ ವರ್ಷದ ಕೊನೆಗೆ ಆಡಿಟರ್ ಎಷ್ಟು ಹೊತ್ತು ಕೂರ್ಬೇಕಾಗತ್ತೆ ಅಂತ ನೋಡಿದ್ದು ಇಲ್ಲಿ.

ಇನ್ನು ತಪ್ಪಾದಾಗ ಅಲ್ಲಿ ಹೆಂಗೆ ನಡ್ಕೊಳ್ತಾರೆ ಅನ್ನೋದು. ನಮ್ಮ ಜೊತೆಯವನೊಬ್ಬ ಟೆಸ್ಟ್ ಡೇಟಾಬೇಸಲ್ಲಿ ಒಬ್ಬ ಸದಸ್ಯನ ವಿಳಾಸ ಬದಲಾಯಿಸೋಕೆ ಹೋಗಿ, ಯಾವ ಸದಸ್ಯ ಅಂತ ಹೇಳೋ ವೇರ್ ಕಂಡೀಷನ್ ಹಾಕದೆ ಅಪ್‌ಡೇಟ್ ಕೊಟ್ಟ, ಎಲ್ಲ ಸದಸ್ಯರೂ ಒಂದೇ ಮನೆಯವರಾದ್ರು. ಪಾಪ ಅವನ ಮುಖ ಬಿಳಿಚ್ಕೊಂಡಿತ್ತು. ಯಾರೂ ಬೈಲಿಲ್ಲ. ಮೆಂಟರ್ ಎಲ್ಲರನ್ನೂ ಕರೆದು ಕೂರಿಸಿ, ಮೊದಲು ಬಿಗಿನ್ ಕೊಟ್ಟು ಟ್ರಾನ್ಸಾಕ್ಷನ್ ತೆರೆಯೋದು, ಅದೇ ಕಂಡೀಷನ್ ಹಾಕಿ ಸೆಲೆಕ್ಟ್ ಮಾಡಿ ಎಷ್ಟು ಸಾಲು ಬರತ್ತೆ ನೋಡೋದು, ಆಮೇಲೆ ಅಪ್‌ಡೇಟ್, ಅದು ತೋರಿಸೋ ಸಂಖ್ಯೆ ನಾವಂದ್ಕೊಂಡಷ್ಟೇ ಇದ್ರೆ ಕಮಿಟ್ ಕೊಟ್ಟು ಖಾಯಂ ಮಾಡೋದು, ಇಲ್ಲಾಂದ್ರೆ ಮೊದಲಿದ್ದ ಹಾಗೆ ಮಾಡೋ ರೋಲ್‌ಬ್ಯಾಕ್ ಅಂತ ಎಲ್ಲರ ಕೈಲೂ ಮಾಡ್ಸಿದ್ರು. ಆ ಹುಡುಗನೇ ಏನಾಯ್ತು ಅಂತ ಒಂದು ಪುಟ ಬರೆದ, ಅದ್ರಲ್ಲಿ ಯಾರ ಹೆಸರೂ ಇರ್ಬಾರ್ದು, ಏನಾಯ್ತು, ಯಾಕೆ ಆಗೋಕೆ ಸಾಧ್ಯ ಆಯ್ತು, ಮುಂದೆ ತಡೆಯೋದು ಹೆಂಗೆ, ಇಷ್ಟೇ. ಹೊಸಬರಿಗೆ ನಿಜವಾದ ಡೇಟಾಬೇಸಿಗೆ ಬರೆಯೋ ಅಧಿಕಾರ ಮೊದಲೇ ಕೊಟ್ಟಿರಲಿಲ್ಲ, ಹಾಗಾಗಿ ಯಾವ ರೈತನಿಗೂ ತೊಂದರೆ ಆಗ್ಲಿಲ್ಲ. ಬ್ಯಾಕಪ್ ವಿಷಯದಲ್ಲೂ ಹೀಗೇ, ಬ್ಯಾಕಪ್ ತೆಗೆದಿದೀವಿ ಅಂದ್ರೆ ಒಪ್ಪಲ್ಲ, ಇಂಟರ್ನ್‌ಗಳೇ ಅದನ್ನ ಖಾಲಿ ಮಷೀನಿಗೆ ವಾಪಸ್ ಹಾಕಿ, ನಿನ್ನೆಯ ಕೊನೇ ಬಿಲ್ಲು ಓಪನ್ ಮಾಡಿ ತೋರಿಸ್ಬೇಕು.

ಸಾಫ್ಟ್ ಸ್ಕಿಲ್ಸ್ ಅಂತ ಬೇರೆ ಕ್ಲಾಸ್ ಏನೂ ಇಲ್ಲ. ದಿನಾ ಬೆಳಿಗ್ಗೆ ಕಾಲು ಗಂಟೆಯೊಳಗೆ ಸ್ಟ್ಯಾಂಡಪ್, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಎಲ್ಲಿ ಸಿಕ್ಕಿಹಾಕ್ಕೊಂಡಿದೀನಿ. ಈ ಮೂರನೇದು ನಮ್ಮ ಕಡೆ ಹುಡುಗರಿಗೆ ಬಹಳ ಕಷ್ಟ, ಗೊತ್ತಿಲ್ಲ ಅಂತ ಹೇಳೋಕೆ ಸಂಕೋಚ, ಎರಡು ದಿನ ಸುಮ್ನೆ ಕೂತಿರ್ತಾರೆ ಬಿಟ್ರೆ ಕೇಳಲ್ಲ. ಇಲ್ಲಿ ನಿಯಮ ಏನಂದ್ರೆ ಅರ್ಧ ಗಂಟೆ ನೀವೇ ಒದ್ದಾಡಿ, ಆಮೇಲೆ ಕೇಳ್ಲೇಬೇಕು, ಕೇಳೋವಾಗ ಏನೇನು ಪ್ರಯತ್ನ ಮಾಡಿದ್ರಿ ಅಂತ ಬರೆದು ತರ್ಬೇಕು. ಬರೆಯೋವಾಗಲೇ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿಬಿಡತ್ತೆ. ಎಐ ಚಾಟ್‌ಬಾಟ್ ಬಳಸೋಕೆ ಅಡ್ಡಿಲ್ಲ, ಆದ್ರೆ ಅದು ಬರೆದುಕೊಟ್ಟ ಪ್ರತಿ ಸಾಲನ್ನೂ ರಿವ್ಯೂನಲ್ಲಿ ನೀವು ವಿವರಿಸ್ಬೇಕು, ಆಗ್ಲಿಲ್ಲ ಅಂದ್ರೆ ಆ ಸಾಲು ಒಳಗೆ ಹೋಗಲ್ಲ, ಮತ್ತೆ ಸದಸ್ಯರ ಹೆಸರು, ಖಾತೆ ನಂಬರು ಅದ್ರಲ್ಲಿ ಹಾಕೋ ಹಾಗೇ ಇಲ್ಲ. ಈ ನಿಯಮ ನನಗೆ ಪೂರ್ತಿ ಒಪ್ಪಿಗೆ.

ಈಗ ಕೊರತೆಗಳು. ಸ್ಟೈಪೆಂಡ್ ಕಮ್ಮಿ. ಕೇಂದ್ರದ ಪಿಎಂ ಇಂಟರ್ನ್‌ಶಿಪ್ ಯೋಜನೆ 2024ರಲ್ಲಿ ಶುರುವಾದಾಗ ತಿಂಗಳಿಗೆ 5000 ರೂಪಾಯಿ ಅಂತ ಇತ್ತು, ಇಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು ಕೊಡ್ತಿದ್ರು ಅಷ್ಟೆ. ಮನೆ ಶಿರಸಿ, ಸಿದ್ದಾಪುರ, ಬನವಾಸಿ ಕಡೆ ಇದ್ದು ದಿನಾ ಬಸ್ಸಲ್ಲಿ ಬಂದು ಹೋಗೋರಿಗೆ ಸಾಕಾಗತ್ತೆ, ಕರಾವಳಿಯಿಂದ ಬಂದು ರೂಮ್ ಮಾಡೋರಿಗೆ ಮನೆಯಿಂದ ದುಡ್ಡು ತರಿಸ್ಕೊಳ್ದೆ ಆಗಲ್ಲ. ನಮ್ಮ ಜೊತೆ ಅಂಕೋಲೆಯವನೊಬ್ಬ ಇದ್ದ, ಮನೆಯಲ್ಲಿ ಅನುಕೂಲ ಇರಲಿಲ್ಲ, ರೂಮ್ ಬಾಡಿಗೆಗೇ ಬಹಳಷ್ಟು ಹೋಗ್ತಿತ್ತು. ಇಷ್ಟು ಚೆನ್ನಾಗಿ ಕಲಿಸೋ ಜಾಗಕ್ಕೆ ಬಡ ಮಕ್ಕಳು ಬರೋಕಾಗಲ್ಲ ಅಂದ್ರೆ ಅದು ಬೇಸರದ ವಿಷಯ, ಕಂಪನಿಯವ್ರು ದೂರದವರಿಗೆ ಬಾಡಿಗೆಯ ಒಂದು ಪಾಲಾದ್ರೂ ಕೊಡ್ಬೇಕು, ಇದನ್ನ ನಾನು ಹೋಗೋವಾಗ ಬರೆದುಕೊಟ್ಟೂ ಬಂದಿದೀನಿ.

ಮಳೆಗಾಲದ ಬ್ಯಾಚ್ ತಗೊಳ್ಳೋರು ಓಡಾಟ ನೋಡ್ಕೊಳ್ಳಿ. ಕುಮಟಾ ರಸ್ತೆ ದೇವಿಮನೆ ಘಟ್ಟದಲ್ಲಿ ಯಾವಾಗ ಬಂದ್ ಆಗತ್ತೆ ಹೇಳೋಕಾಗಲ್ಲ, 2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದ ಮೇಲೆ ಮಳೆಲಿ ಮಕ್ಕಳನ್ನ ಓಡಾಡಿಸೋಕೆ ಮನೆಯವ್ರು ಹೆದರೋದು ಸಹಜ. ಕಂಪನಿಯವ್ರು ಜೋರು ಮಳೆ ದಿನ ಮನೆಯಿಂದ ಕೆಲಸ ಮಾಡಿ ಅಂತಾರೆ, ಆದ್ರೆ ಹಳ್ಳಿ ಮನೆಲಿ ಅದೇ ದಿನ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ. ಆಫೀಸಲ್ಲಿ ಯುಪಿಎಸ್ ಇದೆ, ದಿನಗಟ್ಟಲೆ ಕರೆಂಟ್ ಹೋದ್ರೆ ಅದೂ ಸಾಕಾಗಲ್ಲ. ಕರೆಂಟ್ ಇಲ್ಲದ ಮಧ್ಯಾಹ್ನಗಳಲ್ಲಿ ಪ್ರಿಂಟ್ ಹಾಕಿದ ಕೋಡ್ ಇಟ್ಕೊಂಡು ಪೆನ್ನಲ್ಲಿ ರಿವ್ಯೂ ಮಾಡಿದ್ದೂ ಇದೆ, ನಿಜ ಹೇಳ್ಬೇಕಂದ್ರೆ ಆ ರಿವ್ಯೂಗಳಲ್ಲೇ ಜಾಸ್ತಿ ಕಲಿತಿದ್ದು. ಡೈರಿ ಸಾಫ್ಟ್‌ವೇರ್ ಎಂತಕ್ಕೆ ನೆಟ್ ಇಲ್ದೆನೂ ಓಡ್ಬೇಕು, ನೆಟ್ ಬಂದ್ಮೇಲೆ ತಾನೇ ಸಿಂಕ್ ಆಗ್ಬೇಕು ಅನ್ನೋದನ್ನ ಯಾರೂ ಬಿಡಿಸಿ ಹೇಳೋದು ಬೇಕಾಗಿರಲಿಲ್ಲ.

ಟೆಕ್ನಾಲಜಿ ವಿಷಯದಲ್ಲಿ ವ್ಯಾಪ್ತಿ ಸಣ್ಣದು. ಪೈಥಾನ್, ಪೋಸ್ಟ್‌ಗ್ರೆಸ್, ಸ್ವಲ್ಪ ಜಾವಾಸ್ಕ್ರಿಪ್ಟ್, ಲಿನಕ್ಸ್ ಸರ್ವರ್, ಇಷ್ಟೇ. ಕ್ಲೌಡ್, ಕಂಟೇನರ್ ಬಗ್ಗೆ ನಾನು ಆಮೇಲೆ ಬೇರೆ ಕಲಿಬೇಕಾಯ್ತು, ದೊಡ್ಡ ಕಂಪನಿಗಳ ಇಂಟರ್ವ್ಯೂನಲ್ಲಿ ಅದನ್ನ ಕೇಳೇ ಕೇಳ್ತಾರೆ. ಇಂಗ್ಲಿಷಲ್ಲಿ ಮಾತಾಡೋ ಅಭ್ಯಾಸ ಇಲ್ಲಿ ಆಗಲ್ಲ, ಎಲ್ಲ ಕನ್ನಡದಲ್ಲೇ ನಡೆಯತ್ತೆ, ಕಲಿಯೋಕೆ ಅದು ಬಹಳ ಒಳ್ಳೇದು, ಇಂಟರ್ವ್ಯೂಗೆ ಮಾತ್ರ ಬೇರೆ ತಯಾರಿ ಮಾಡ್ಕೊಳ್ಬೇಕು. ಇನ್ನೊಂದು, ನಾಲ್ಕು ಜನಕ್ಕೆ ಒಬ್ರೇ ಮೆಂಟರ್, ಅವ್ರಿಗೆ ಅವ್ರ ಕೆಲಸಾನೂ ಇರತ್ತೆ, ಮಾರ್ಚ್ ಕೊನೆ ಸೊಸೈಟಿಗಳ ಲೆಕ್ಕ ಮುಗಿಸೋ ಹೊತ್ತಲ್ಲಿ ನಿಮ್ಮ ಪುಲ್ ರಿಕ್ವೆಸ್ಟ್ ಕಾಯ್ತಾ ಕೂರತ್ತೆ ಅಂತ ಹಿಂದಿನ ಬ್ಯಾಚಿನವ್ರು ಹೇಳಿದ್ರು. ಎರಡನೇ ಮೆಂಟರ್ ಒಬ್ರು ಬೇಕೇ ಬೇಕು. ಆರು ತಿಂಗಳಾದ ಮೇಲೆ ಅಲ್ಲೇ ಕೆಲಸ ಸಿಗತ್ತೆ ಅಂತ ನಂಬ್ಕೊಂಡು ಹೋಗೋದೂ ಬೇಡ, ನಮ್ಮ ಬ್ಯಾಚಲ್ಲಿ ಒಬ್ಬಳನ್ನ ಇಟ್ಕೊಂಡ್ರು, ಆ ಎಸ್‌ಎಮ್‌ಎಸ್ ಹುಡುಗಿನ್ನೇ.

ನನ್ನ ಇಂಟರ್ವ್ಯೂ ಬಗ್ಗೆ ಒಂದು ಮಾತು. ಹುಬ್ಬಳ್ಳಿಲಿ ನಡೆದಿದ್ದು. ನೀವು ಮಾಡಿದ ಒಂದು ಕೆಲಸ ಹೇಳಿ ಅಂದ್ರು, ನಾನು 5:30ರ ಹಾಲಿನ ಬಗ್ಗೆ ಹೇಳಿದೆ. ಅವ್ರು ಬೇರೆ ಪ್ರಶ್ನೆ ಪೇಪರ್ ಪಕ್ಕಕ್ಕಿಟ್ಟು ಅದ್ರ ಮೇಲೇ ಕೇಳ್ತಾ ಹೋದ್ರು, ಹಳೇ ತಪ್ಪು ಬಿಲ್ಲುಗಳನ್ನ ಏನು ಮಾಡಿದ್ರಿ, ರೈತರಿಗೆ ಯಾರು ಹೇಳಿದ್ರು, ಬೇರೆ ಡೈರಿಗಳಲ್ಲೂ ಇದೇ ಇದೆಯಾ ಅಂತ ಹೆಂಗೆ ನೋಡಿದ್ರಿ. ಎಲ್ಲಕ್ಕೂ ಉತ್ತರ ಇತ್ತು, ಯಾಕಂದ್ರೆ ಮೆಂಟರ್ ಅದನ್ನೆಲ್ಲ ಆಗ್ಲೇ ಕೇಳಿ ಮಾಡ್ಸಿದ್ರು.

ಈ ಕಂಪನಿಗೇ ಹೋಗಿ ಅಂತ ನಾನು ಹೇಳ್ತಿಲ್ಲ, ನಾಲ್ಕು ಸೀಟಿಗೆ ಎಲ್ಲರೂ ಹೋಗೋಕೂ ಆಗಲ್ಲ. ಕಾರವಾರ, ಹೊನ್ನಾವರ, ಯಲ್ಲಾಪುರ ಎಲ್ಲೇ ಆಗ್ಲಿ, ಇಂಟರ್ನ್‌ಶಿಪ್ ಸೇರೋ ಮುಂಚೆ ನನ್ನ ಕೋಡ್ ಯಾರು ಓದ್ತಾರೆ, ವಾರಕ್ಕೆ ಎಷ್ಟು ಹೊತ್ತು ಕೊಡ್ತಾರೆ ಅಂತ ನೇರವಾಗಿ ಕೇಳಿ. ಹೆಸರು ಹೇಳಿ ಇವ್ರು ಅಂತ ತೋರಿಸಿದ್ರೆ ಒಳ್ಳೇ ಸೂಚನೆ, ನಮ್ಮ ಟೀಮ್ ನೋಡ್ಕೊಳ್ಳತ್ತೆ ಅಂದ್ರೆ ಯಾರೂ ನೋಡಲ್ಲ ಅಂತಾನೇ ತಿಳ್ಕೊಳ್ಳಿ. ಹಿಂದಿನ ಬ್ಯಾಚಿನವ್ರ ಹತ್ರ ಮಾತಾಡ್ಸಿ ಅಂತ ಕೇಳಿ. ನೀವೇ ದುಡ್ಡು ಕಟ್ಬೇಕು ಅಂದ್ರೆ ಎದ್ದು ಬನ್ನಿ, ಮನೆಯವ್ರು ಕಷ್ಟಪಟ್ಟು ದುಡಿದ ದುಡ್ಡು ಅದು.

ಈ ಶಿರಸಿ ಕಂಪನಿಗೆ ಅರ್ಜಿ ಹಾಕೋರು ರೆಸ್ಯೂಮೆ ಉದ್ದ ಮಾಡೋಕೆ ಹೋಗ್ಬೇಡಿ, ನೀವೇ ಬರೆದ ಒಂದು ಸಣ್ಣ ಪ್ರೋಗ್ರಾಂ ಜೊತೆಗೆ ಕಳಿಸಿ, ಮನೆಯ ಹಾಲಿನ ಲೆಕ್ಕ ಆದ್ರೂ ಅಡ್ಡಿಲ್ಲ, ನೂರು ಸಾಲು ಇದ್ರೂ ಸಾಕು. ಇಂಟರ್ವ್ಯೂನಲ್ಲಿ ಅದನ್ನೇ ತೆರೆದು ಯಾವುದಾದ್ರೂ ಒಂದು ಸಾಲಿನ ಮೇಲೆ ಬೆರಳಿಟ್ಟು ಇದು ಯಾಕೆ ಹೀಗೆ ಬರೆದ್ರಿ ಅಂತ ಕೇಳ್ತಾರೆ, ಅದಕ್ಕೆ ತಯಾರಾಗಿ ಹೋಗಿ.